ಹುಳುವಿನ ಹಸಿವಿಗೊಂದು ಬಕೆಟ್

ನಾವಿರುವುದು ದಾವಣಗೆರೆಯ ಒಂದು ಬಾಡಿಗೆ ಮನೆಯಲ್ಲಿ. ಗೇಟಿನಿಂದ ಹೊಸ್ತಿಲವರೆಗೂ ಬರೀ ಸಿಮೆಂಟು. ಸುರಿದ ಮಳೆ ಒಂದು ಹನಿಯೂ ನೆಲಕ್ಕಿಳಿಯದೆ ಸೀದಾ ಚರಂಡಿಗೆ ಓಡುತ್ತದೆ. ತಾತ ತೀರಿಕೊಂಡ ಮೇಲೆ ಚನ್ನಗಿರಿ ಕಡೆಯ ಹಳ್ಳಿಯಿಂದ ನಮ್ಮ ಜೊತೆ ಇರಲು ಬಂದ ಅಜ್ಜಿಗೆ ಈ ಮನೆಯಲ್ಲಿ ಎಲ್ಲವೂ ಇತ್ತು, ಮಣ್ಣೊಂದನ್ನು ಬಿಟ್ಟು. ಊರಿನ ಮನೆಗೆ ಬೀಗ ಬಿದ್ದಿತ್ತು, ಜಮೀನು ಗುತ್ತಿಗೆಗೆ ಹೋಗಿತ್ತು. ಅಲ್ಲಿ ಒಬ್ಬಳೇ ಇರುವ ಹಾಗಿರಲಿಲ್ಲ. ಆದರೂ ವಾರಕ್ಕೆರಡು ಸಲ ‘ನನ್ನ ಊರಿಗೆ ಬಿಟ್ ಬರ್ರಪ್ಪಾ’ ಎನ್ನುವುದು ತಪ್ಪುತ್ತಿರಲಿಲ್ಲ.

ಅದಕ್ಕೆ ಅಪ್ಪ ಮತ್ತು ನಾನು ಹುಡುಕಿದ ಉಪಾಯ ಏರುಮಡಿ. ಸಿಮೆಂಟಿನ ಮೇಲೆಯೇ ಬ್ಲಾಕ್‌ಗಳನ್ನು ಎರಡು ಸಾಲು ಜೋಡಿಸಿ, ಒಳಗೆ ಮಣ್ಣು ತುಂಬಿ ಮಾಡುವ ಎತ್ತರದ ಪಾತಿ. ಆರು ಅಡಿ ಉದ್ದ, ಮೂರು ಅಡಿ ಅಗಲ, 16 ಇಂಚು ಎತ್ತರ. ಗಾರೆ ಹಾಕಿಲ್ಲ. ಬ್ಲಾಕ್‌ಗಳ ಸಂದಿಯಿಂದ ಹೆಚ್ಚಾದ ನೀರು ಬಸಿದು ಹೋಗುತ್ತದೆ, ಮನೆ ಬಿಡುವ ದಿನ ಬಂದರೆ ಬಿಚ್ಚಿಕೊಂಡೂ ಹೋಗಬಹುದು. ತಳಕ್ಕೆ ತೆಂಗಿನ ಸಿಪ್ಪೆ, ಒಣಗಿದ ಎಲೆ. ಅದರ ಮೇಲೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು. ಮನೆ ಮಾಲೀಕರು ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು: ಗೋಡೆಗೆ ತೇವ ತಾಗಬಾರದು, ವಾಸನೆ ಬರಬಾರದು. ಎರಡರಲ್ಲಿ ಯಾವುದಾದರೂ ಆಯಿತೋ, ಮಾರನೇ ದಿನವೇ ಎಲ್ಲ ಎತ್ತಿಸಬೇಕು. ನಾವು ಗೋಡೆಯಿಂದ ಒಂದಡಿ ಬಿಟ್ಟು ಮಡಿ ಕಟ್ಟಿದೆವು.

ಮೊದಲ ಬೆಳೆಗೆ ಮೆಂತ್ಯ, ದಂಟು, ಕೊತ್ತಂಬರಿ ಚೆನ್ನಾಗಿಯೇ ಬಂದವು. ಎರಡನೇ ಸಲದ ಹೊತ್ತಿಗೆ ಎಲೆಗಳು ಬಿಳಿಚಿಕೊಂಡವು, ಮಣ್ಣು ಮೂರು ಇಂಚು ಕುಸಿಯಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ಹೊಲದಲ್ಲಾದರೆ ಬೇರು ಇನ್ನಷ್ಟು ಆಳಕ್ಕೆ ಹೋಗಿ ಬೇಕಾದ್ದನ್ನು ಹುಡುಕಿಕೊಳ್ಳುತ್ತದೆ. ಸಿಮೆಂಟಿನ ಮೇಲಿನ ಮಡಿಗೆ ಕೆಳಗೆ ನೆಲವೇ ಇಲ್ಲ. ಅಲ್ಲಿಂದ ಕಿತ್ತುಕೊಂಡಷ್ಟನ್ನು ನಾವೇ ವಾಪಸ್ ಹಾಕಬೇಕು. ಇತ್ತ ನಾವು ದಿನಾ ಬೆಳಗ್ಗೆ ಕಸದ ಗಾಡಿಗೆ ಸುರಿಯುತ್ತಿದ್ದದ್ದು ಅದನ್ನೇ: ಸೋರೆಕಾಯಿ ಸಿಪ್ಪೆ, ಸೊಪ್ಪಿನ ಬುಡ, ಬಾಳೆಹಣ್ಣಿನ ಸಿಪ್ಪೆ, ಸೋಸಿದ ಟೀ ಪುಡಿ. ಇಂಥ ಹಸಿ ಕಸ ದೊಡ್ಡ ರಾಶಿಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಆಗಿ ವಾತಾವರಣ ಸೇರುತ್ತದೆ. ಮಡಿಯಲ್ಲೇ ಕಳಿತರೆ ಮುಂದಿನ ಬೆಳೆಯ ಸೊಪ್ಪಾಗುತ್ತದೆ. ನಡುವೆ ಬೇಕಿದ್ದದ್ದು ಎರೆಹುಳು ಮಾತ್ರ.

ಎರೆಗೊಬ್ಬರ ಎಂದ ಕೂಡಲೇ ಉದ್ದನೆಯ ತೊಟ್ಟಿ, ಮೇಲೊಂದು ಚಪ್ಪರ ನೆನಪಾಗುತ್ತದೆ. ಮನೆಗೆ ಅಷ್ಟೆಲ್ಲ ಬೇಡ. 20 ಲೀಟರ್‌ನ ಒಂದು ಪೇಂಟ್ ಬಕೆಟ್ ಸಾಕು, ಮುಚ್ಚಳ ಮಾತ್ರ ಇರಲೇಬೇಕು. ಚೆನ್ನಾಗಿ ತೊಳೆದು, ತಳಕ್ಕೂ ಸುತ್ತಲೂ ಡ್ರಿಲ್ಲಿನಿಂದ 8 ಮಿಲಿಮೀಟರ್ ಅಗಲದ ತೂತು ಕೊರೆಯಬೇಕು. ನಾನು ಎರಡೆರಡು ಇಂಚಿಗೊಂದರಂತೆ ಸುಮಾರು 70 ತೂತು ಕೊರೆದೆ. ಅಂಚಿನಲ್ಲಿ ಉಳಿಯುವ ಪ್ಲಾಸ್ಟಿಕ್ ಮುಳ್ಳುಗಳನ್ನು ಚಾಕುವಿನಿಂದ ಕೆರೆದು ನಯ ಮಾಡಬೇಕು, ಎರೆಹುಳುವಿನ ಮೈ ಬಲು ಮೆದು. ಮುಚ್ಚಳಕ್ಕೆ ಐದಾರು ಸಣ್ಣ ತೂತು, ಒಳಗಿನಿಂದ ಸೊಳ್ಳೆ ಪರದೆಯ ತುಂಡು ಅಂಟಿಸಿದರೆ ನೊಣ ಒಳಗೆ ಹೋಗುವುದಿಲ್ಲ. ಈಗ ಮಡಿಯ ನಡುವೆ ಗುಂಡಿ ತೋಡಿ ಬಕೆಟ್ಟನ್ನು ಹೂಳಬೇಕು. ಬಾಯಿ ಮಾತ್ರ ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಇಲ್ಲದಿದ್ದರೆ ನೀರು ಹಾಕಿದಾಗ, ಮಳೆ ಬಂದಾಗ ಮಣ್ಣೆಲ್ಲ ಒಳಗೆ ಕೊಚ್ಚಿ ಹೋಗುತ್ತದೆ. ಮುಚ್ಚಳದ ಮೇಲೆ ಒಂದು ಇಟ್ಟಿಗೆ ಇಟ್ಟರೆ ಹೆಗ್ಗಣದ ಕಾಟವಿಲ್ಲ.

ಹೂಳುವುದೇ ಇದರ ಗುಟ್ಟು. ಬೇರೆಡೆ ಗೊಬ್ಬರ ಮಾಡಿದರೆ ಹುಳುವನ್ನೂ ಗೊಬ್ಬರವನ್ನೂ ಬೇರ್ಪಡಿಸಿ, ಜರಡಿ ಹಿಡಿದು, ಹೊತ್ತು ತಂದು ಗಿಡಕ್ಕೆ ಹಾಕಬೇಕು. ಇಲ್ಲಿ ಆ ತೂತುಗಳೇ ಹುಳುಗಳ ಬಾಗಿಲು. ಅವು ಬಕೆಟ್ಟಿಗೆ ಬಂದು ಉಂಡು, ಮಡಿಯಲ್ಲಿ ಓಡಾಡಿ, ಬೇರಿನ ಬುಡದಲ್ಲೇ ಗೊಬ್ಬರ ಬಿಟ್ಟು ಬರುತ್ತವೆ. ಇಳಿಯುವ ರಸವನ್ನು ಸುತ್ತಲ ಮಣ್ಣು ಕುಡಿಯುತ್ತದೆ.

ಬಕೆಟ್ಟಿನೊಳಗೆ ಮೊದಲು ಹಾಸಿಗೆ ಹಾಸಬೇಕು. ಬೆರಳಗಲಕ್ಕೆ ಹರಿದ ನ್ಯೂಸ್ ಪೇಪರ್, ರಟ್ಟಿನ ಚೂರು, ತೆಂಗಿನ ನಾರಿನ ಪುಡಿ. ಮಿರುಗುವ ಬಣ್ಣದ ಹಾಳೆ ಬೇಡ. ಇವನ್ನೆಲ್ಲ ನೆನೆಸಿ ಹಿಂಡಬೇಕು. ಮುಷ್ಟಿಯಲ್ಲಿ ಗಟ್ಟಿಯಾಗಿ ಒತ್ತಿದರೆ ಒಂದೆರಡು ಹನಿ ತೊಟ್ಟಿಕ್ಕಬೇಕು, ಧಾರೆ ಇಳಿಯಬಾರದು. ಜೊತೆಗೆ ಹದಿನೈದು ದಿನ ಹಳೆಯ ಸಗಣಿ ಮತ್ತು ಒಂದು ಹಿಡಿ ಮಣ್ಣು. ಹಸಿ ಸಗಣಿ ಕಾವೇರುತ್ತದೆ, ಹುಳು ಸಾಯುತ್ತವೆ. ಹಿಡಿ ಮಣ್ಣು ಯಾಕೆಂದರೆ ಎರೆಹುಳುವಿಗೆ ಹಲ್ಲಿಲ್ಲ, ಕೋಳಿಯ ಹಾಗೆ ಹೊಟ್ಟೆಯೊಳಗಿನ ಒಂದು ಗಟ್ಟಿ ಚೀಲದಲ್ಲಿ ಮರಳಿನ ಕಣಗಳಿಂದಲೇ ಅದು ಆಹಾರ ಅರೆಯುವುದು.

ಹುಳು ಯಾವುದಾದರೇನು ಎನ್ನುವ ಹಾಗಿಲ್ಲ. ಮಳೆಗಾಲದಲ್ಲಿ ಹೊಲದಲ್ಲಿ ಕಾಣುವ ಹುಳುಗಳಲ್ಲಿ ಎಷ್ಟೋ ಆಳಕ್ಕೆ ಬಿಲ ಕೊರೆದು ಮಣ್ಣು ತಿನ್ನುವಂಥವು. ಬಕೆಟ್ಟಿನಲ್ಲಿ ಅವು ಬಾಳುವುದಿಲ್ಲ. ನಮಗೆ ಬೇಕಾದ್ದು ಮೇಲ್ಪದರದಲ್ಲಿ ಕೊಳೆಯುವ ವಸ್ತುವನ್ನು ತಿನ್ನುವ ಜಾತಿ. ಐಸೀನಿಯಾ ಫೆಟಿಡಾ, ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ, ನಮ್ಮ ಕಡೆಯದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್, ಈ ಮೂರು ಇದಕ್ಕೆ ಹೆಸರಾದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು ಈ ಹುಳುಗಳ ಮೇಲೆ ಹಲವು ವರ್ಷ ಸಂಶೋಧನೆ ನಡೆಸಿದವರು. ನಾವು ಎರೆಗೊಬ್ಬರ ಮಾಡುವ ರೈತರೊಬ್ಬರಿಂದ 150 ರೂಪಾಯಿಗೆ ಕಾಲು ಕೆಜಿ ಹುಳು ತಂದೆವು.

ಇನ್ನು ಲೆಕ್ಕ. ನಾನು ಒಂದು ವಾರ ಅಡುಗೆಮನೆಯ ಕಸವನ್ನು ತಕ್ಕಡಿಯಲ್ಲಿ ತೂಗಿದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಸರಾಸರಿ ಅರ್ಧ ಕೆಜಿ. ಎರೆಹುಳು ಒಳ್ಳೆಯ ಸ್ಥಿತಿಯಲ್ಲಿದ್ದರೆ ದಿನಕ್ಕೆ ತನ್ನ ತೂಕದ ಸುಮಾರು ಅರ್ಧದಷ್ಟು ತಿನ್ನಬಲ್ಲದು. ಅಂದರೆ ಕಾಲು ಕೆಜಿ ಹುಳುವಿಗೆ ಹೆಚ್ಚೆಂದರೆ 125 ಗ್ರಾಂ. ನಮ್ಮ ಕಸದ ನಾಲ್ಕನೇ ಒಂದು ಭಾಗ! ಉಳಿದದ್ದನ್ನೂ ಅದಕ್ಕೇ ಹಾಕಿಬಿಡೋಣ ಎಂದು ಅಮ್ಮನ ಆಸೆ. ಆದರೆ ಎರೆಹುಳುವಿನ ಬಕೆಟ್ ಕೆಡುವುದು ಹೆಚ್ಚಾಗಿ ಇಲ್ಲೇ. ತಿನ್ನದೆ ಉಳಿದದ್ದು ನೀರೊಡೆದು ಗಾಳಿಗೆ ಜಾಗ ಮುಚ್ಚುತ್ತದೆ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಸೇರಿಕೊಳ್ಳುತ್ತವೆ, ವಾಸನೆ ಏಳುತ್ತದೆ. ನಮ್ಮ ಪಾಲಿಗೆ ವಾಸನೆ ಎಂದರೆ ಮಡಿಯೇ ಹೋದ ಹಾಗೆ.

ನಾನು ಮೊಬೈಲ್‌ನಲ್ಲಿ ದಿನಾಂಕ, ಗ್ರಾಂ, ಉಷ್ಣತೆ ಎಂದು ಕೋಷ್ಟಕ ಮಾಡಿಕೊಂಡಿದ್ದೆ. ಅಜ್ಜಿ ಅದನ್ನು ನೋಡಿ ನಕ್ಕಳು. ‘ಹಸ್ದೈತೋ ಇಲ್ವೋ ನೋಡಿ ಹಾಕವ್ವಾ. ದನಕ್ಕೂ ಹಂಗೇ ಅಲ್ವಾ ಹಾಕೋದು?’ ಎಂದಳು. ಆಮೇಲೆ ಮುಚ್ಚಳ ತೆಗೆದು, ಬೆರಳಿನಿಂದ ಹಾಸಿಗೆ ಸರಿಸಿ, ಮೊನ್ನೆಯ ಸಿಪ್ಪೆ ಇನ್ನೂ ಗುರುತು ಸಿಗುವಂತಿದೆಯೇ ನೋಡುವುದು ಅವಳ ಕೆಲಸವಾಯಿತು. ಗುರುತು ಸಿಕ್ಕರೆ ಅವತ್ತು ಉಪವಾಸ. ಕರಗಿದ್ದರೆ ಊಟ. ನನ್ನ ಕೋಷ್ಟಕದ ಅಂಕಿಗಳು ಅವಳ ಬೆರಳಿನ ಹಿಂದೆ ಹಿಂದೆಯೇ ಬಂದವು. ಮೊದಲ ತಿಂಗಳು ದಿನಕ್ಕೆ 100 ಗ್ರಾಂ ದಾಟಲಿಲ್ಲ. ನಾಲ್ಕನೇ ತಿಂಗಳಿಗೆ 200ಕ್ಕೆ ಬಂತು, ಅಷ್ಟರಲ್ಲಿ ಹುಳುಗಳ ಸಂಸಾರವೂ ಬೆಳೆದಿತ್ತು. ಸಾಸಿವೆಗಿಂತ ತುಸು ದೊಡ್ಡದಾದ, ನಿಂಬೆಯ ಆಕಾರದ ಕಂದು ಕಾಳುಗಳು ಕಂಡರೆ ಅವೇ ಮೊಟ್ಟೆಯ ಗೂಡುಗಳು. ಅವು ಕಂಡವೆಂದರೆ ಹುಳುಗಳಿಗೆ ಜಾಗ ಒಗ್ಗಿದೆ ಎಂದರ್ಥ.

ಏನು ಹಾಕಬೇಕು, ಏನು ಹಾಕಬಾರದು ಎಂಬುದಕ್ಕೆ ದೊಡ್ಡ ಪಟ್ಟಿಗಳೇ ಇವೆ. ಅಜ್ಜಿ ಅದನ್ನು ಒಂದೇ ಮಾತಿಗೆ ಇಳಿಸಿದಳು: ಒಗ್ಗರಣೆ ಬಿದ್ದದ್ದು ಬೇಡ. ಉಪ್ಪು, ಎಣ್ಣೆ, ಖಾರ ಮೂರೂ ಅದರಲ್ಲೇ ಬಂದುಬಿಟ್ಟವು. ಮೈಯೆಲ್ಲ ಚರ್ಮದಿಂದಲೇ ಉಸಿರಾಡುವ ಜೀವಕ್ಕೆ ಉಪ್ಪು, ಖಾರ ಉರಿಯಲ್ಲದೆ ಮತ್ತೇನು? ಇದರ ಜೊತೆಗೆ ಮೊಸರು, ಮಾಂಸ ಬೇಡ. ಹಿಂಡಿದ ನಿಂಬೆ, ಹುಣಸೆ ಗಸಿ ಹುಳಿ ಹೆಚ್ಚಿಸುತ್ತವೆ, ಅವೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಸಿಪ್ಪೆಯೂ ಹೆಚ್ಚು ಬೇಡ. ಮೊಟ್ಟೆ ಚಿಪ್ಪನ್ನು ಒಣಗಿಸಿ ಪುಡಿ ಮಾಡಿ ಆಗಾಗ ಒಂದು ಚಮಚ ಹಾಕಿದರೆ ಹುಳಿ ಹತೋಟಿಯಲ್ಲಿರುತ್ತದೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಪ್ರತಿ ಸಲ ಬೇರೆ ಮೂಲೆಯಲ್ಲಿ ಹಾಸಿಗೆಯ ಕೆಳಗೆ ಹುದುಗಿಸಿ, ಮೇಲೊಂದು ಹಿಡಿ ಒಣ ಕಾಗದ ಮುಚ್ಚಬೇಕು. ಹೀಗೆ ಮಾಡಿದರೆ ನೊಣವೂ ಕಡಿಮೆ. ಇರುವೆ ಬಂದರೆ ಒಳಗೆ ಒಣಗಿದೆ ಎಂದು ತಿಳಿದು ನೀರು ಚಿಮುಕಿಸಬೇಕು. ಹಸಿ ಹೆಚ್ಚಿ ಅಂಟಂಟಾದರೆ ಇನ್ನಷ್ಟು ಕಾಗದ ಸೇರಿಸಿ ಮೆಲ್ಲಗೆ ಕೆದಕಬೇಕು.

ನಮಗೆ ನಿಜವಾದ ಪರೀಕ್ಷೆ ಬಂದದ್ದು ಏಪ್ರಿಲ್‌ನಲ್ಲಿ. ದಾವಣಗೆರೆಯ ಬಿಸಿಲು 38 ಡಿಗ್ರಿ ದಾಟುವುದು ಹೊಸದಲ್ಲ, ಎರೆಹುಳುಗಳಿಗೆ ಹಿತವಾದದ್ದು 30ರ ಒಳಗಿನ ತಂಪು. ನೆಲದಲ್ಲಿದ್ದ ಹುಳು ಸೆಕೆಯಾದರೆ ಆಳಕ್ಕಿಳಿದೀತು, ನಮ್ಮ ಮಡಿಯ ಹುಳುವಿಗೆ 16 ಇಂಚಿನ ಕೆಳಗೆ ಕಾದ ಸಿಮೆಂಟು. ಅಜ್ಜಿ ಬಿಸಿಲು ಬೀಳುವ ಕಡೆಗೆ ಬಸಳೆ ಹಬ್ಬಿಸಿದಳು. ಮುಚ್ಚಳದ ಮೇಲೆ ಗೋಣಿಚೀಲ ಹಾಸಿ ದಿನಕ್ಕೆ ಮೂರು ಸಲ ನೀರು ಚಿಮುಕಿಸಿದಳು. ಮಧ್ಯಾಹ್ನ ಕಾಲೇಜಿನಿಂದ ಫೋನ್ ಮಾಡಿದರೆ ನಾನು ಊಟ ಮಾಡಿದೆನೋ ಇಲ್ಲವೋ ಕೇಳುವ ಮೊದಲೇ ‘ಹುಳ ತಂಪಾಗವೆ’ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಮಾತ್ರ ಬಕೆಟ್ಟಿನಲ್ಲಿ ಒಂದೂ ಹುಳು ಕಾಣಲಿಲ್ಲವಂತೆ. ಅವಳ ದನಿ ನಡುಗುತ್ತಿತ್ತು. ಸಂಜೆ ಮನೆಗೆ ಬಂದು ಬಸಳೆಯ ನೆರಳಿನಲ್ಲಿ ಮಣ್ಣು ಕೆದಕಿದೆವು. ಒದ್ದೆ ಎಲೆ, ತೆಂಗಿನ ಸಿಪ್ಪೆಯ ನಡುವೆ ಹುಳುಗಳು ಗುಂಪುಗೂಡಿ ಮಲಗಿದ್ದವು. ತೂತಿನ ಬಾಗಿಲು ತೆರೆದೇ ಇತ್ತು, ತಂಪು ಎಲ್ಲಿದೆಯೋ ಅಲ್ಲಿಗೆ ಹೋಗಿದ್ದವು. ತೂತಿಲ್ಲದ ಡಬ್ಬದಲ್ಲಾಗಿದ್ದರೆ ಬೆಂದೇ ಹೋಗುತ್ತಿದ್ದವು. ನಾಲ್ಕು ದಿನದ ಮೇಲೆ ಒಂದು ಮಳೆ ಬಿತ್ತು, ಎಲ್ಲ ಊಟಕ್ಕೆ ವಾಪಸ್ ಬಂದವು.

ಅದೇ ತಿಂಗಳ ಕೊನೆಗೆ ಬಾಡಿಗೆಗೆ ಬಂದ ಮಾಲೀಕರು ಮಡಿಯ ಹತ್ತಿರ ನಿಂತು ‘ಒಳಗೇನಿದೆ ಇದರಲ್ಲಿ?’ ಎಂದರು. ಅಮ್ಮ ನನ್ನ ಮುಖ ನೋಡಿದಳು. ಅಜ್ಜಿ ಏನೂ ಹೇಳದೆ ಇಟ್ಟಿಗೆ ಎತ್ತಿ ಮುಚ್ಚಳ ತೆಗೆದಳು. ಅವರು ಬಗ್ಗಿ ಮೂಸಿದರು. ಮೊದಲ ಮಳೆಯ ಮಣ್ಣಿನ ವಾಸನೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನದು ಅದು. ‘ಗೋಡೆ ಕಡೆ ನೀರು ಬಿಡಬೇಡಿ’ ಎಂದಷ್ಟೇ ಹೇಳಿ ಹೊರಟರು. ಹೋಗುವಾಗ ಅಜ್ಜಿ ಅವರ ಕೈಗೆ ಒಂದು ಕಟ್ಟು ಬಸಳೆ ಕೊಟ್ಟಳು.

ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು ಬರೆದದ್ದು ಎರೆಹುಳುಗಳ ಬಗ್ಗೆ, 1881ರಲ್ಲಿ. ಹುಳುಗಳಿದ್ದ ಕುಂಡವನ್ನು ಪಿಯಾನೋದ ಮೇಲಿಟ್ಟು, ಅವಕ್ಕೆ ಶಬ್ದ ಕೇಳುವುದಿಲ್ಲ, ಆದರೆ ಕಂಪನ ಗೊತ್ತಾಗುತ್ತದೆ ಎಂದು ಪರೀಕ್ಷಿಸಿ ನೋಡಿದ್ದ. ನೆಲದ ಮೇಲ್ಮಣ್ಣು ಇವುಗಳ ಹೊಟ್ಟೆಯ ಮೂಲಕ ಮತ್ತೆ ಮತ್ತೆ ಹಾದುಬರುತ್ತದೆ ಎಂದು ಅಷ್ಟು ತಾಳ್ಮೆಯಿಂದ ತೋರಿಸಿದವನು ಅವನು. ನಾನು ಓದುವ ಓದಿನಲ್ಲಿ ಯಂತ್ರದ ವೇಗ ಹೆಚ್ಚಿಸುವುದು ಹೇಗೆ ಎಂದು ಕಲಿಸುತ್ತಾರೆ. ಬಕೆಟ್ಟಿನಲ್ಲಿ ವೇಗ ಹುಳುವಿನದು. ನಮ್ಮ ಕೈಯಲ್ಲಿರುವುದು ಗಾಳಿ, ತೇವ, ನೆರಳು, ಮತ್ತು ಹಸಿವು ನೋಡಿ ಹಾಕುವ ಊಟ.

ಮೂರು ನಾಲ್ಕು ತಿಂಗಳಿಗೊಮ್ಮೆ ಮೇಲಿನ ಅರ್ಧವನ್ನು ಎತ್ತಿಟ್ಟು, ತಳದಲ್ಲಿ ಟೀ ಪುಡಿಯಂತೆ ಕಪ್ಪಗೆ ಉದುರಾಗಿರುವುದನ್ನು ತೆಗೆದು ಗಿಡಗಳ ಬುಡಕ್ಕೆ ಹರಡಿ, ಎತ್ತಿಟ್ಟದ್ದನ್ನು ಮತ್ತೆ ಹಾಕಿದರೆ ಆಯಿತು. ಸಿಪ್ಪೆಯಲ್ಲಿ ಬಹುಪಾಲು ನೀರೇ ಆದ್ದರಿಂದ ತಿಂಗಳಿಗೆ ಆರು ಕೆಜಿ ಹಾಕಿದರೂ ಬಕೆಟ್ ತುಂಬುವುದಿಲ್ಲ. ನಮ್ಮ ಉಳಿದ ಕಸ ಈಗಲೂ ಗಾಡಿಗೇ ಹೋಗುತ್ತಿದೆ. ಅದನ್ನೂ ಕಡಿಮೆ ಮಾಡಲು ಇನ್ನೊಂದು ಬಕೆಟ್ ಕೊರೆದಿದ್ದೇನೆ. ಎರಡು ಬಕೆಟ್‌ಗಳ ನಡುವೆ ಎಷ್ಟು ಅಂತರವಿರಬೇಕೆಂದು ಟೇಪ್ ಹಿಡಿದು ಅಳೆದು ಒಂದು ಜಾಗ ಗುರುತು ಹಾಕಿದೆ. ಅಜ್ಜಿ ನೋಡಿ, ಅಲ್ಲಿ ಬೇಡ, ಬಸಳೆಯ ಬುಡಕ್ಕೆ ಇರಲಿ ಎಂದಿದ್ದಾಳೆ. ಈ ಭಾನುವಾರ ಅಲ್ಲೇ ಹೂಳುತ್ತೇವೆ.