ಬೆಳಕು ಬೀರುವ ಅಣುಗಳು

ಬೆಳಕಿನ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಿ. ವಿ. ರಾಮನ್ನರ ಹೆಸರನ್ನು ಹೊತ್ತ ಬಡಾವಣೆಯೊಂದು ಬೆಂಗಳೂರಿನ ಪೂರ್ವಭಾಗದಲ್ಲಿದೆ. ಅದಕ್ಕೆ ಹೊಂದಿಕೊಂಡಿರುವುದೇ ಕಗ್ಗದಾಸಪುರ. ಅಲ್ಲಿಯ ಯಾವುದಾದರೊಂದು ಮೊಬೈಲ್ ಅಂಗಡಿಯಲ್ಲಿ ಎರಡು ಬಗೆಯ ಫೋನುಗಳನ್ನು ಅಕ್ಕಪಕ್ಕದಲ್ಲಿರಿಸಿ, ಎರಡರ ಪರದೆಯ ಮೇಲೂ ಬರಿಯ ಕಪ್ಪು ಚಿತ್ರವನ್ನು ಮೂಡಿಸಿ, ದೀಪವಾರಿಸಿ ನೋಡಬೇಕು. ಒಂದರ ಕಪ್ಪು ಬೂದಿಬಣ್ಣಕ್ಕೆ ತಿರುಗಿ ಮಸುಕಾಗಿ ಹೊಳೆಯುತ್ತದೆ. ಇನ್ನೊಂದರ ಕಪ್ಪು ಅಮಾವಾಸ್ಯೆಯ ಕತ್ತಲೆಯಂತಿರುತ್ತದೆ. ಮೊದಲನೆಯದು ದ್ರವಸ್ಫಟಿಕದ ಪರದೆ. ಅದರ ಬೆನ್ನ ಹಿಂದೆ ದೀಪವೊಂದು ಸದಾ ಉರಿಯುತ್ತಿರುತ್ತದೆ. ಎರಡನೆಯದಕ್ಕೆ ಅಂಥ ದೀಪದ ಹಂಗಿಲ್ಲ. ಅದರ ಒಂದೊಂದು ಬಿಂದುವೂ ತಾನೇ ಉರಿದು ತಾನೇ ಆರಬಲ್ಲ ಹಣತೆ. ಅದನ್ನು ಓಎಲ್‌ಇಡಿ, ಎಂದರೆ ಸಾವಯವ ಬೆಳಕು ಸೂಸುವ ಡಯೋಡು ಎನ್ನುತ್ತಾರೆ. ಇಲ್ಲಿ ಸಾವಯವವೆಂದರೆ ಗೊಬ್ಬರದ ಮಾತಲ್ಲ. ಇಂಗಾಲವನ್ನು ಆಧರಿಸಿದ ಸಂಯುಕ್ತವೆಂದಷ್ಟೇ ಅರ್ಥ.

ಅಮೆರಿಕದ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು 1987ರಲ್ಲಿ ಇಂಥ ಸಾಧನವೊಂದನ್ನು ಪ್ರಕಟಿಸಿದರು. ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ತೆಳುವಾದ ಎರಡು ಸಾವಯವ ಪದರಗಳು ಹತ್ತು ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹಸಿರಾಗಿ ಬೆಳಗಿದವು. ಒಂದು ಕಡೆಯಿಂದ ಎಲೆಕ್ಟ್ರಾನುಗಳು, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿನ ಕೊರತೆಯಿರುವ ತಾಣಗಳಾದ 'ರಂಧ್ರ'ಗಳು ಬಂದು ಅಣುವೊಂದರಲ್ಲಿ ಸಂಧಿಸುತ್ತವೆ. ಆಗ ಅಣು ಉದ್ರಿಕ್ತವಾಗುತ್ತದೆ. ಮತ್ತೆ ಶಾಂತವಾಗುವಾಗ ತನ್ನ ಹೆಚ್ಚಿನ ಶಕ್ತಿಯನ್ನು ಬೆಳಕಾಗಿ ಹೊರಸೂಸುತ್ತದೆ.

ಆದರೆ ಎಲ್ಲ ಶಕ್ತಿಯೂ ಬೆಳಕಾಗುತ್ತಿರಲಿಲ್ಲ. ಎಲೆಕ್ಟ್ರಾನಿಗೆ ಬುಗುರಿಯ ತಿರುಗುವಿಕೆಗೆ ಹೋಲಿಸಬಹುದಾದ 'ಗಿರಕಿ' ಎಂಬ ಗುಣವುಂಟು. ಎಲೆಕ್ಟ್ರಾನೂ ರಂಧ್ರವೂ ಕೂಡುವಾಗ ಇವುಗಳ ಗಿರಕಿಗಳು ಹೊಂದಿಕೊಳ್ಳುವ ಬಗೆಗಳು ನಾಲ್ಕು. ಒಂದು ಬಗೆಯಿಂದ 'ಏಕಕ' ಸ್ಥಿತಿ ಬರುತ್ತದೆ. ಉಳಿದ ಮೂರರಿಂದ 'ತ್ರಿಕ' ಸ್ಥಿತಿ. ಏಕಕದಿಂದ ಬೆಳಕು ತಡವಿಲ್ಲದೆ ಹೊಮ್ಮುತ್ತದೆ. ತ್ರಿಕದಿಂದ ಕೆಳಗಿಳಿಯಬೇಕಾದರೆ ಗಿರಕಿಯೇ ಮಗುಚಬೇಕು. ಹಗುರ ಪರಮಾಣುಗಳಿಂದಾದ ಅಣುವಿನಲ್ಲಿ ಇದಕ್ಕೆ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ಶಕ್ತಿ ಕಾದು ಕಾದು ಕೊನೆಗೆ ಬಿಸಿಯಾಗಿ ಕಳೆದುಹೋಗುತ್ತದೆ. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಮೂರು ಕೊಡವನ್ನು ಹಾದಿಯಲ್ಲೇ ಚೆಲ್ಲಿದಂತಾಯಿತು! ಟಾಂಗರ ಹಸಿರು ಅಣುವಿನಲ್ಲಿಯೂ ಅಲ್ಯೂಮಿನಿಯಮ್ ಎಂಬ ಲೋಹವಿತ್ತು. ಆದರೆ ಅದರ ಪರಮಾಣುಸಂಖ್ಯೆ ಕೇವಲ 13.

ಚೆಲ್ಲಿದ ನೀರನ್ನು ಉಳಿಸಿದ್ದು ಭಾರಲೋಹ. ಪರಮಾಣುಬೀಜದಲ್ಲಿ ವಿದ್ಯುದಂಶ ಹೆಚ್ಚಿದಷ್ಟೂ ಎಲೆಕ್ಟ್ರಾನಿನ ಚಲನೆಗೂ ಅದರ ಗಿರಕಿಗೂ ನಂಟು ಬಲವಾಗುತ್ತದೆ. ಮಗುಚಲಾರದ ಗಿರಕಿ ಮಗುಚುತ್ತದೆ. ಪ್ರಿನ್ಸ್‌ಟನ್ನಿನ ಸ್ಟೀಫನ್ ಫಾರೆಸ್ಟ್, ದಕ್ಷಿಣ ಕ್ಯಾಲಿಫೋರ್ನಿಯದ ಮಾರ್ಕ್ ಥಾಂಪ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ಲಾಟಿನಮ್ ಲೋಹವನ್ನು ಒಡಲಲ್ಲಿಟ್ಟುಕೊಂಡ ಸಾವಯವ ಅಣುವನ್ನು ಪದರದೊಳಗೆ ಬೆರೆಸಿ ಕೆಂಪು ಬೆಳಕನ್ನು ಪಡೆದರು. ಆದರೆ ಆ ಅಣುವಿನ ಶಕ್ತಿ ಬೆಳಕಾಗಲು ಹತ್ತಾರು ಮೈಕ್ರೊಸೆಕೆಂಡು ಹಿಡಿಯುತ್ತಿತ್ತು. ವಿದ್ಯುತ್ತು ಹೆಚ್ಚಿದಾಗ ಉದ್ರಿಕ್ತ ಅಣುಗಳು ಕಿಕ್ಕಿರಿದು, ಒಂದರ ಶಕ್ತಿಯನ್ನು ಇನ್ನೊಂದು ನಂದಿಸುತ್ತಿದ್ದವು. ಮರುವರ್ಷ ಬಂದ ಇರಿಡಿಯಮ್ ಸಂಯುಕ್ತ ಅದೇ ಕೆಲಸವನ್ನು ಒಂದು ಮೈಕ್ರೊಸೆಕೆಂಡಿನ ಆಸುಪಾಸಿನಲ್ಲಿ ಮುಗಿಸಿತು. 2001ರ ವೇಳೆಗೆ, ಸಾಧನದ ಒಳಗೆ ಸಂಧಿಸಿದ ಜೋಡಿಗಳೆಲ್ಲ ಬಹುಪಾಲು ಬೆಳಕೇ ಆಗುವಂಥ ಪದರಗಳು ಸಿದ್ಧವಾದವು. ಹುಟ್ಟಿದ ಬೆಳಕಿನಲ್ಲಿ ಹೆಚ್ಚಿನದು ಪದರ, ಗಾಜುಗಳೊಳಗೇ ಸಿಕ್ಕಿಬೀಳುವುದು ಬೇರೆಯೇ ತೊಡಕು.

ಬೆರಕೆಯ ಪ್ರಮಾಣವೂ ಗಮನಿಸತಕ್ಕದ್ದು. ಪಾಯಸಕ್ಕೆ ಕೇಸರಿಯ ನಾಲ್ಕು ಎಸಳು ಸಾಕು. ಹಿಡಿ ಹಾಕಿದರೆ ಕಹಿ. ಇಲ್ಲಿಯೂ ನೂರಕ್ಕೆ ಆರೇಳು ಪಾಲು ಇರಿಡಿಯಮ್ ಸಂಯುಕ್ತವಿದ್ದರೆ ಆತಿಥೇಯ ಪದರದ ಶಕ್ತಿ ಅದಕ್ಕೆ ಹರಿದುಬರುತ್ತದೆ. ಬಹಳ ಹೆಚ್ಚಾದರೆ ಬೆರಕೆಯ ಅಣುಗಳು ಒತ್ತೊತ್ತಾಗಿ ನಿಂತು ಪರಸ್ಪರ ಬೆಳಕನ್ನು ಕುಂದಿಸುತ್ತವೆ. ಈ ಮಿತವ್ಯಯ ಜೇಬಿಗೂ ಹಿತ. ಇರಿಡಿಯಮ್ ಅತಿ ವಿರಳ ಲೋಹ; ಬಹುಪಾಲು ದಕ್ಷಿಣ ಆಫ್ರಿಕದ ಪ್ಲಾಟಿನಮ್ ಗಣಿಗಳ ಉಪೋತ್ಪನ್ನವಾಗಿ ದೊರೆಯುತ್ತದೆ. ಜಪಾನಿನ ಚಿಹಾಯ ಅಡಾಚಿಯವರ ತಂಡವಂತೂ 2012ರಲ್ಲಿ, ಭಾರಲೋಹವೇ ಇಲ್ಲದೆ ತ್ರಿಕವನ್ನು ಏಕಕಕ್ಕೆ ಏರಿಸಿ ಬೆಳಗಿಸುವ ಅಣುಗಳನ್ನು ತೋರಿಸಿತು.

ಕೆಂಪು, ಹಸಿರುಗಳು ಹೀಗೆ ಒಲಿದರೂ ನೀಲಿ ಸುಲಭವಾಗಿ ಒಲಿಯಲಿಲ್ಲ. ಮೂರರಲ್ಲಿ ನೀಲಿಯ ಶಕ್ತಿಯೇ ಹೆಚ್ಚು. ಉದ್ರಿಕ್ತ ಅಣು ಹೊರುವ ಆ ಶಕ್ತಿ ಅಣುವಿನ ಬಂಧಗಳನ್ನೇ ಮುರಿಯಬಲ್ಲದು. ಆದ್ದರಿಂದ ಫೋನುಗಳಲ್ಲಿ ನೀಲಿ ಬಣ್ಣಕ್ಕೆ ಬಹುಕಾಲ ಏಕಕದಿಂದಲೇ ಬೆಳಗುವ ಹಳೆಯ ಬಗೆಯ ಅಣುಗಳನ್ನು ಬಳಸುತ್ತ ಬಂದರು. ಅವು ಕೂಡ ಉಳಿದೆರಡಕ್ಕಿಂತ ಬೇಗ ಸವೆಯುತ್ತವೆ. ಸವೆತ ನಿಧಾನವಾಗಲೆಂದು ನೀಲಿ ಬಿಂದುವನ್ನು ಹಿಗ್ಗಿಸಿ, ಅದರ ಮೇಲಿನ ಹೊರೆಯನ್ನು ಇಳಿಸುವುದುಂಟು. ದುರಸ್ತಿಯವನ ಭೂತಗನ್ನಡಿಯನ್ನು ಕೇಳಿ ಪಡೆದು ಇಂಥ ಪರದೆಯೊಂದನ್ನು ನೋಡಿದರೆ, ಕೆಂಪು ಹಸಿರುಗಳ ನಡುವೆ ನೀಲಿ ಚುಕ್ಕೆಗಳು ದಪ್ಪದಪ್ಪವಾಗಿ ಕಾಣುತ್ತವೆ.