ಹಳೆಯ ಪಿನ್‌ಬಾಲ್ ಯಂತ್ರಕ್ಕೆ ಎಷ್ಟು ಸುರಿಯಬೇಕು?

ಹಳೆಯ ಪಿನ್‌ಬಾಲ್ ಯಂತ್ರದ ದುರಸ್ತಿಗೆ ಎಷ್ಟು ಖರ್ಚು ಮಾಡಬೇಕೆಂಬುದು, ಅದು ಆಡಲಿಕ್ಕೋ ಮಾರಲಿಕ್ಕೋ ಎಂಬುದನ್ನು ಅವಲಂಬಿಸಿದೆ. ಷಿಕಾಗೊದ ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳು ಇವನ್ನು ತಯಾರಿಸಿದ್ದು ಬಾರು, ಆರ್ಕೇಡುಗಳಲ್ಲಿ ಕೆಲವು ವರ್ಷ ನಾಣ್ಯ ದುಡಿಯಲೆಂದು. ದಶಕಗಳ ಬಳಿಕವೂ ಅವು ಆಡುವಂತಿರಬೇಕಾದರೆ ಕೈ ಬಿಚ್ಚಲೇಬೇಕು.

ಮಾರುವ ಉದ್ದೇಶವಿದ್ದರೆ ಮಾದರಿಯ ಹೆಸರೇ ಮಿತಿ. ವಿಲಿಯಮ್ಸ್ 1997ರಲ್ಲಿ ತಂದ ‘ಮೆಡೀವಲ್ ಮ್ಯಾಡ್‌ನೆಸ್’ ತಯಾರಾದದ್ದು ಸುಮಾರು 4,000 ಮಾತ್ರ. ಅದಕ್ಕೆ ಹಾಕಿದ ಹಣ ಮರಳುವ ಸಂಭವ ಹೆಚ್ಚು. ಹಾಗೆಂದು ಅಪರೂಪದ್ದಕ್ಕೆ ಮಾತ್ರ ಬೆಲೆ ಬರುತ್ತದೆ ಎನ್ನುವಂತಿಲ್ಲ. 1992ರ ‘ಆ್ಯಡಮ್ಸ್ ಫ್ಯಾಮಿಲಿ’ 20,000ಕ್ಕೂ ಹೆಚ್ಚು ತಯಾರಾದರೂ ಆಟ ಚೆನ್ನಾಗಿರುವುದರಿಂದ ಇಂದಿಗೂ ಬೇಡಿಕೆಯಲ್ಲಿದೆ. ಎಪ್ಪತ್ತರ ದಶಕದ ಸಾಧಾರಣ ಯಂತ್ರಗಳಲ್ಲಿ ಮಾತ್ರ ಪೂರ್ಣ ದುರಸ್ತಿಯ ಖರ್ಚು ಮಾರಾಟದ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಆಡಲಿಕ್ಕಾದರೆ, ಅಗ್ಗದ ಕೆಲಸಗಳಿಂದಲೇ ಆಟ ಹೆಚ್ಚು ಸುಧಾರಿಸುತ್ತದೆ. ಒಣಗಿದ ರಬ್ಬರ್ ರಿಂಗುಗಳನ್ನು ಬದಲಿಸಿ, ಆಟದ ಹಲಗೆಯನ್ನು ತೊಳೆದು, ಹೊಸ ಉಕ್ಕಿನ ಚೆಂಡು ಹಾಕಿ, ಫ್ಲಿಪ್ಪರಿನ ಸವೆದ ಭಾಗಗಳನ್ನು ಬದಲಿಸಿದರೆ ಮಂಕು ಯಂತ್ರವೂ ಚುರುಕಾಗುತ್ತದೆ.

ಎಲೆಕ್ಟ್ರಾನಿಕ್ ಯಂತ್ರಗಳ ದೊಡ್ಡ ಶತ್ರು ಬ್ಯಾಟರಿ. ಎಪ್ಪತ್ತರ ಕೊನೆಯ ಬ್ಯಾಲಿ ಯಂತ್ರಗಳ ಮುಖ್ಯ ಸರ್ಕ್ಯೂಟ್ ಬೋರ್ಡಿನಲ್ಲಿ ಅದನ್ನು ಬೆಸುಗೆ ಹಾಕಿಯೇ ಕೂರಿಸಿದ್ದರು. ಅದು ಸೋರಿದರೆ ಕ್ಷಾರವು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಸೋರಿಕೆ ಕಡಿಮೆಯಿದ್ದರೆ ವಿನೆಗರಿನಿಂದ ತೊಳೆದು ಉಳಿಸಬಹುದು. ಹೆಚ್ಚಾದರೆ ಹೊಸ ಬೋರ್ಡ್ ಕೊಳ್ಳುವುದೇ ಲೇಸು. ಅದಕ್ಕೂ ಹಿಂದಿನ ಯಂತ್ರಗಳಲ್ಲಿ ಬೋರ್ಡಿಲ್ಲ, ರಿಲೇ ಮತ್ತು ಸ್ವಿಚ್‌ಗಳಷ್ಟೇ. ಬಿಡಿಭಾಗ ಅಗ್ಗ, ಆದರೆ ಒಂದೊಂದು ಸಂಪರ್ಕವನ್ನೂ ಉಜ್ಜಿ ಹೊಂದಿಸುವಷ್ಟರಲ್ಲಿ ಸಂಜೆಗಳೇ ಕಳೆಯುತ್ತವೆ. ಕೂಲಿಗೆ ಮಾಡಿಸಿದರೆ ಬಿಲ್ಲಿನ ಬಹುಪಾಲು ಅದೇ.

ಹಲಗೆಯ ಬಣ್ಣ ಮರ ಕಾಣುವಷ್ಟು ಸವೆದಿದ್ದರೆ ಲೆಕ್ಕ ಬದಲಾಗುತ್ತದೆ. ಸವೆದಲ್ಲಿ ಬಣ್ಣ ಹಚ್ಚಿ ಮುಚ್ಚುವುದು ಅಗ್ಗ, ಆದರೆ ಕಣ್ಣಿಗೆ ಬೀಳುತ್ತದೆ. ಮರುತಯಾರಿಸಿದ ಹೊಸ ಹಲಗೆ ಹೆಚ್ಚಾಗಿ ಜನಪ್ರಿಯ ಮಾದರಿಗಳಿಗಷ್ಟೇ ಸಿಗುತ್ತದೆ. ಅದನ್ನು ಕೂರಿಸಲು ಹಳೆಯದರ ಪ್ರತಿ ಬಿಡಿಭಾಗವನ್ನೂ ಕಳಚಿ, ತಂತಿಗಳನ್ನು ಮತ್ತೆ ಬೆಸೆಯಬೇಕು. ಹಿಂಬದಿಯ ಚಿತ್ರದ ಗಾಜಿನ ಬಣ್ಣ ಉದುರತೊಡಗಿದ್ದರೆ, ಅದನ್ನು ಉಜ್ಜದೆ ಪಾರದರ್ಶಕ ಲೇಪದಿಂದ ಉಳಿಸಿಕೊಳ್ಳುವುದು ಮೊದಲ ಕೆಲಸ. ಹೊರಪೆಟ್ಟಿಗೆಗೆ ಹೊಸ ಬಣ್ಣ ಕೊನೆಗಿರಲಿ; ಮೂಲ ಬಣ್ಣವನ್ನೇ ಬಯಸುವ ಸಂಗ್ರಾಹಕರೂ ಇದ್ದಾರೆ.

ಹೀಗಾಗಿ ಕೊಳ್ಳುವಾಗ ಹಲಗೆ ಮತ್ತು ಗಾಜು ಚೆನ್ನಾಗಿರುವ, ಆದರೆ ಕೆಟ್ಟು ನಿಂತಿರುವ ಯಂತ್ರಕ್ಕೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.