ಸೆಟ್ಲಮೆಂಟ್: ಕಾಯಿದೆ, ಕುಲ ಮತ್ತು ಅಭಿವೃದ್ಧಿ

ಲಕ್ಕುಂಡಿ ಕಲ್ಯಾಣ ಚಾಲುಕ್ಯರ ಕಾಲದ ಪ್ರಸಿದ್ಧ ಪಟ್ಟಣ. ಈ ಪರಿಸರದ ದೂರದ ವ್ಯಾಪಾರವು ರೈಲು ಬರುವವರೆಗೆ ಬಹುಮಟ್ಟಿಗೆ ಹೇರೆತ್ತುಗಳನ್ನು ಅವಲಂಬಿಸಿತ್ತು. ಉಪ್ಪು, ಧಾನ್ಯಗಳನ್ನು ಸಾಗಿಸುತ್ತಿದ್ದ ಲಂಬಾಣಿ, ಕೊರಮ ಮೊದಲಾದ ಸಮುದಾಯಗಳಿಗೆ ಅಲೆದಾಟವೇ ವೃತ್ತಿಯಾಗಿತ್ತು. ಆ ಅಲೆದಾಟವು ಅಪರಾಧದ ಕುರುಹಾಗಿ ಮಾರ್ಪಟ್ಟುದು ವಸಾಹತುಶಾಹಿ ಆಡಳಿತದಲ್ಲಿ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಕೊರತೆಯುಂಟಾದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಹೆಚ್ಚಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗನ್ನು ತಲುಪಿತು. ಹತ್ತಿಗೆ ದಾರಿಯಾದ ರೈಲು ಹೇರೆತ್ತಿನವರ ಬದುಕಿಗೆ ಮುಳುವಾಯಿತು. ಅಭಿವೃದ್ಧಿಯು ಕಸಿದ ವೃತ್ತಿಯ ಸ್ಥಾನವನ್ನು ಕಾಯಿದೆಯು ಕಳಂಕದಿಂದ ತುಂಬಿತು.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಹಿಂದಿದ್ದ ತರ್ಕ ಸರಳವಾದುದು: ಕಸುಬು ಕುಲದಿಂದ ಬರುವಂತೆ ಕಳವೂ ರಕ್ತದಿಂದ ಬರುತ್ತದೆ. ಯುರೋಪಿನ ಜನಾಂಗವಾದವು ಇಲ್ಲಿನ ಜಾತಿಕಲ್ಪನೆಯೊಡನೆ ಬೆರೆತು ಕಾನೂನಾಯಿತು. 1911ರ ಕಾಯಿದೆಯ ನಂತರ ಮುಂಬಯಿ ಪ್ರಾಂತದಲ್ಲಿ ಈ ವ್ಯವಸ್ಥೆ ಬಲಗೊಂಡಿತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ 'ಸೆಟ್ಲಮೆಂಟು'ಗಳು ಹುಟ್ಟಿದವು. ಹೆಸರು ನೋಂದಣಿ, ಹಾಜರಿ, ಹೊರಹೋಗಲು ಪಾಸು — ಇವು ಅಲ್ಲಿನ ದಿನಚರಿ. ಹೀಗೆ ಹಿಡಿದಿಟ್ಟ ಜನರು ಗಿರಣಿಗಳಿಗೆ ಕೂಲಿಗಳಾಗಿಯೂ ಒದಗಿದರು. ಆಡಳಿತವು ಇದನ್ನು ಸುಧಾರಣೆಯೆಂದೇ ಕರೆಯಿತು. ಶಾಲೆ, ಸ್ಥಿರವಾಸಗಳು ದೊರೆತುದೂ ನಿಜ, ಸ್ವಾತಂತ್ರ್ಯ ಕಳೆದುದೂ ನಿಜ.

ಜಾನಪದದ ದೃಷ್ಟಿಯಿಂದ ಹೆಸರುಗಳೇ ಇಲ್ಲಿ ಮುಖ್ಯ ಆಕರ. 'ಗಂಟಿಚೋರ' ಎಂಬ ಹೆಸರಿನಲ್ಲಿ ಆರೋಪವೇ ಕುಲನಾಮವಾಗಿದೆ. ಆ ಕುಲದ ಮಗು ಶಾಲೆಯಲ್ಲಿ ಜಾತಿಯನ್ನು ಬರೆಸುವಾಗ ತನ್ನ ಮೇಲಿನ ಆರೋಪವನ್ನೂ ಬರೆಸಬೇಕಾಗುತ್ತದೆ. 'ಸೆಟ್ಲಮೆಂಟ್' ಎಂಬುದು ಊರಿನ ಒಂದು ಭಾಗದ ಹೆಸರಾಗಿ, ವಿಳಾಸವಾಗಿ ಉಳಿಯಿತು.

1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಆದರೆ 1961ರ ರೂಢಿಗತ ಅಪರಾಧಿಗಳ ಕಾಯಿದೆಯು ನಿಗಾ ಇಡುವ ಪರಿಪಾಠವನ್ನು ವ್ಯಕ್ತಿಯ ನೆಲೆಯಲ್ಲಿ ಮುಂದುವರಿಸಿತು. ವಿಮುಕ್ತರ ಸಮಾನ ಚರಿತ್ರೆಯೂ ಸರಕಾರಿ ಪಟ್ಟಿಗಳಲ್ಲಿ ಒಡೆದುಹೋಯಿತು: ಕೊರಮರು ಪರಿಶಿಷ್ಟ ಜಾತಿಯಲ್ಲಿ, ಹರಣಶಿಕಾರಿಗಳು ಪರಿಶಿಷ್ಟ ಪಂಗಡದಲ್ಲಿ.

ಜನಾಂಗೀಯ ತಾರತಮ್ಯ ನಿರ್ಮೂಲನೆಯ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1968ರಲ್ಲಿ ಅನುಮೋದಿಸಿತು. ಜಾತಿಯು ಜನಾಂಗವಲ್ಲವೆಂಬುದು ಸರಕಾರದ ನಿಲುವು. ವಂಶಮೂಲದ ತಾರತಮ್ಯವೂ ಒಡಂಬಡಿಕೆಯ ವ್ಯಾಪ್ತಿಗೆ ಬರುತ್ತದೆಂಬುದು ವಿಶ್ವಸಂಸ್ಥೆಯ ಸಮಿತಿಯ ನಿಲುವು. ರೂಢಿಗತ ಅಪರಾಧಿಗಳ ಕಾಯಿದೆಯನ್ನು ರದ್ದುಪಡಿಸಿ ವಿಮುಕ್ತರಿಗೆ ಪುನರ್ವಸತಿ ಕಲ್ಪಿಸಬೇಕೆಂದು ಆ ಸಮಿತಿ 2007ರಲ್ಲಿ ಸೂಚಿಸಿತು. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರಾಗೃಹ ಕೈಪಿಡಿಗಳ ಜಾತಿಭೇದದ ನಿಯಮಗಳನ್ನು ಸಂವಿಧಾನಬಾಹಿರವೆಂದಿತು.

ಕಾಯಿದೆ ರದ್ದಾದ ಮಾತ್ರಕ್ಕೆ ಅದು ಕಟ್ಟಿದ ಕುಲಕಲ್ಪನೆ ಅಳಿಯುವುದಿಲ್ಲ. ಕಳೆದುಹೋದ ಕಸುಬಿನ ನೆನಪು ಆ ಸಮುದಾಯಗಳ ಮೌಖಿಕ ಪರಂಪರೆಯಲ್ಲಿದೆ. ಪೊಲೀಸ್ ದಾಖಲೆಯ ಜೊತೆಗೆ ಅದನ್ನೂ ಓದಿದಾಗಲೇ ಈ ಚರಿತ್ರೆ ಪೂರ್ಣವಾದೀತು.